ತಕ್ಕಡಿ ಸಾಹೇಬರ ಎರಡನೆಯದು

ತಕ್ಕಡಿ ಸಾಹೇಬರು ತಮ್ಮ ಮೊದಲ ಮ್ಯಾರಥಾನ್ ಓಡಿದ್ದು ಅಪ್ಪಿತಪ್ಪಿ. ಈ ಮಾತನ್ನು ಅವರು ಒಪ್ಪುವುದಿಲ್ಲ. ಆದರೆ ಐದು ಕಿಲೋಮೀಟರ್ ನಡಿಗೆಗೆ ಹೆಸರು ಕೊಟ್ಟ ಮನುಷ್ಯ, ಬಿಟ್ಟಿ ಬಾಳೆಹಣ್ಣು ಹಂಚುವ ಸಾಲು ಯಾವುದೆಂದು ವಿಚಾರಿಸುತ್ತ ಹೋಗಿ, ನಲವತ್ತೆರಡು ಕಿಲೋಮೀಟರ್ ಓಡುವವರ ಗುಂಪಿನ ನಡುವೆ ಸಿಕ್ಕಿಕೊಂಡು, ಹಿಂದಿನವರು ತಳ್ಳಿದ್ದಕ್ಕೆ ಮುಂದೆ ಹೋಗಿ, "ಐದು ಕಿಲೋಮೀಟರ್ ಇಷ್ಟು ದೂರ ಇರುತ್ತದೆಯೇ!" ಎಂದು ಬೆರಗಾಗುತ್ತಲೇ ಊರಿನ ಆ ತುದಿ ಮುಟ್ಟಿದರೆ ಅದಕ್ಕೆ ಬೇರೆ ಏನೆನ್ನಬೇಕು?

ಇದರಲ್ಲಿ ಸೋಜಿಗದ ಸಂಗತಿಯೆಂದರೆ ಸಾಹೇಬರ ಉದ್ಯೋಗ. ಅವರು ಅಳತೆ ಮತ್ತು ತೂಕದ ಕಚೇರಿಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೂ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸ. ಅದರಿಂದಲೇ ಆ ಹೆಸರು. ಕೆಲಸಕ್ಕೆ ಸೇರಿದ ವರ್ಷ ಯಾರೋ ಇಟ್ಟದ್ದು, ಈಗ ಮನೆಯ ಬಾಗಿಲಿಗೆ ಬರುವ ಹಾಲಿನವನೂ ಹಾಗೆಯೇ ಕರೆಯುತ್ತಾನೆ. ಒಂದು ಗ್ರಾಂ ವ್ಯತ್ಯಾಸವಿದ್ದರೂ ಹಿಡಿದು ದಂಡ ಹಾಕುವ ಈ ಮಹಾನುಭಾವರಿಗೆ ಮೂವತ್ತೇಳು ಕಿಲೋಮೀಟರ್ ವ್ಯತ್ಯಾಸ ಗೊತ್ತಾಗಲಿಲ್ಲ.

ಅಂತೂ ಮುಗಿಸಿದರು. ಕೊನೆಯ ಕಂಬಗಳನ್ನು ಕೀಳುತ್ತಿದ್ದ ಕೆಲಸಗಾರರಲ್ಲಿ ಇಬ್ಬರು ಇವರ ಸ್ಥಿತಿ ನೋಡಲಾರದೆ ಕಂಕುಳಿಗೆ ಕೈಕೊಟ್ಟು ಗೆರೆ ದಾಟಿಸಿದರು. ಕೊರಳಿಗೊಂದು ಪದಕ ಬಿತ್ತು. ಅದು ಓಟ ಮುಗಿಸಿದ ಪ್ರತಿಯೊಬ್ಬರಿಗೂ ಕೊಡುವ ಪದಕವೆಂಬುದನ್ನು ಸಾಹೇಬರು ಯಾರಿಗೂ ಹೇಳಲಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ. ಮುಂದಿನ ವಾರವೆಲ್ಲ ಅವರು ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದರು. ಕಾಲಿನ ಉಗುರುಗಳು ಒಂದೊಂದಾಗಿ ಸೇವೆಯಿಂದ ನಿವೃತ್ತವಾದವು. ಪದಕ ಮಾತ್ರ ಕಚೇರಿಯ ಮೇಜಿನ ಮೇಲೆ, ನಿಖರ ತೂಕದ ತಕ್ಕಡಿಯ ಒಂದು ತಟ್ಟೆಯಲ್ಲಿ ವಿರಾಜಮಾನವಾಯಿತು. ಮುದ್ರೆ ಒತ್ತಿಸಿಕೊಳ್ಳಲು ಬಂದ ವ್ಯಾಪಾರಿಗಳು ಅದನ್ನು ನೋಡಿ "ಇದೇನು ಸಾರ್?" ಎಂದು ಕೇಳುವವರೆಗೆ ಮುದ್ರೆ ಬೀಳುತ್ತಿರಲಿಲ್ಲ.

ಮನೆಯಲ್ಲಿ ಮಾತ್ರ ಪದಕಕ್ಕೆ ಮಾನ್ಯತೆ ಸಿಗಲಿಲ್ಲ. ಸಾಹೇಬರ ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವರು ಏನೇ ಹುಚ್ಚಾಟ ಮಾಡಿದರೂ ತನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುವ ಕಾರಿನಲ್ಲಿ ಇಪ್ಪತ್ತು ವರ್ಷ ಕೂತವಳು. ಗಂಡನ ಕಾಲಿಗೆ ಎಣ್ಣೆ ಹಚ್ಚುತ್ತ ಅವಳು ಒಂದೇ ಮಾತು ಹೇಳಿದಳು.

"ಇನ್ನೊಂದು ಸಲ ಓಟ ಅಂತ ಬಾಯಲ್ಲಿ ಬಂದ್ರೆ ನೋಡಿ. ಆ ಕಾಲನ್ನ ನಾನೇ ಮುರೀತೀನಿ, ನಾನೇ ಎಣ್ಣೆ ಹಚ್ತೀನಿ."

"ನನಗೇನು ಹುಚ್ಚೇ?" ಎಂದರು ಸಾಹೇಬರು.

ಅದು ಹುಚ್ಚೇ ಎಂದು ಸಾಬೀತಾಗಲು ಒಂದು ಫೋನ್ ಕರೆ ಸಾಕಾಯಿತು. ಕರೆ ಮಾಡಿದವನು ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಸ್ನಾನದ ಮನೆಗೆ ಹಾಕುವ ಟೈಲ್ಸ್ ವ್ಯಾಪಾರಿ. ಸಾಹೇಬರು ಸ್ಕೂಟರ್ ಕೊಂಡ ವಾರ ಕಾರು ಕೊಂಡವನು. ಇವರಿಗೆ ಕನ್ನಡಕ ಬಂದ ತಿಂಗಳು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕನ್ನಡಕವನ್ನೇ ಬಿಸಾಡಿದವನು.

"ಓಡಿದೆಯಂತೆ? ಕೊನೇಲಿ ಬಂದೆಯಂತೆ?"

"ಕೊನೆ ಅಂತ ಯಾರು ಹೇಳಿದ್ದು ಭಾವ? ನನ್ನ ಹಿಂದೆ ಕಸದ ಲಾರಿ ಇತ್ತು."

"ಲಾರಿ ಲೆಕ್ಕಕ್ಕಿಲ್ಲ ಕಣಯ್ಯಾ. ಒಂದು ಸಲ ಯಾರು ಬೇಕಾದ್ರೂ ಓಡ್ತಾರೆ. ನಾಯಿ ಅಟ್ಟಿಸಿಕೊಂಡು ಬಂದ್ರೆ ನಾನೂ ಓಡ್ತೀನಿ. ಗೊತ್ತಿದ್ದೂ ಗೊತ್ತಿದ್ದೂ ಎರಡನೇ ಸಲ ಓಡ್ತಾರಲ್ಲ, ಅವರು ಗಂಡಸರು. ಒಂದಕ್ಕೇ ನಿಲ್ಲಿಸಿದವನು ಗಂಡಸೇ ಅಲ್ಲ."

"ಎರಡನೇದು ಆಗಲೇ ಗೊತ್ತು ಮಾಡಿ ಆಗಿದೆ!" ಎಂದಿತು ಸಾಹೇಬರ ಬಾಯಿ. ಸಾಹೇಬರು ಆಶ್ಚರ್ಯದಿಂದ ಆಲಿಸಿದರು. ಬಾಯಿ ಅಷ್ಟಕ್ಕೇ ನಿಲ್ಲಲಿಲ್ಲ. "ಬೆಟ್ಟದ ಮ್ಯಾರಥಾನ್. ಮೊದಲನೇದು ಅದರ ಮುಂದೆ ಏನೂ ಅಲ್ಲ."

ಆ ಕಡೆ ಮೌನ. ಇಪ್ಪತ್ತು ವರ್ಷಗಳಲ್ಲಿ ಷಡ್ಡಕ ಮೊದಲ ಬಾರಿ ಮಾತಿಲ್ಲದೆ ಕೂತದ್ದು. ಆ ಮೌನದ ರುಚಿಗೆ ಸಾಹೇಬರು ಅದೇ ದಿನ ಹೆಸರು ನೋಂದಾಯಿಸಿಬಿಟ್ಟರು.

"ಒಂದು ಮಾತು ಭಾವ," ಎಂದರು ಫೋನ್ ಇಡುವ ಮುನ್ನ. " ಅತ್ತಿಗೆಗೆ ಹೇಳಬೇಡಿ. ಅತ್ತಿಗೆಗೆ ಹೇಳಿದ್ರೆ ಇವಳಿಗೆ ಹೇಳಿದ ಹಾಗೆ."

"ನನ್ನ ಬಾಯಿಂದ ಬರಲ್ಲ ಬಿಡು. ನಾನು ಟೈಲ್ಸ್‌ನವನು. ಕೆಳಗೆ ಏನೇ ಇದ್ರೂ ಮೇಲೆ ಕಾಣದ ಹಾಗೆ ಮುಚ್ಚೋದೇ ನನ್ನ ಕಸುಬು."

ಬೆಟ್ಟ ಓಡಬೇಕಾದರೆ ಏರು ಹತ್ತಿ ಅಭ್ಯಾಸ ಬೇಕು. ಸಾಹೇಬರ ಊರು ಎಷ್ಟು ಮಟ್ಟಸವೆಂದರೆ ರಸ್ತೆಯ ಮೇಲೆ ಗೋಲಿ ಬಿಟ್ಟರೆ ಅದು ಯಾವ ಕಡೆ ಉರುಳಲೆಂದು ಯೋಚಿಸುತ್ತ ಅಲ್ಲೇ ನಿಲ್ಲುತ್ತಿತ್ತು. ಕಚೇರಿಯ ರಸಮಟ್ಟ ಹಿಡಿದು ಸಾಹೇಬರು ಬೀದಿ ಬೀದಿ ಅಳೆದರು. ಸೇತುವೆಯೂ ಮಟ್ಟಸ. ಮಟ್ಟಸವಿಲ್ಲದ್ದು ಒಂದೇ, ಸರಕಾರಿ ಹೆರಿಗೆ ಆಸ್ಪತ್ರೆಯ ಹಿಂಭಾಗ. ಅಲ್ಲಿನ ಲಿಫ್ಟು ಕೆಟ್ಟಾಗ ಸ್ಟ್ರೆಚರ್ ತಳ್ಳಲೆಂದು ನೆಲಮಹಡಿಯಿಂದ ಐದನೆಯ ಮಹಡಿಯವರೆಗೆ ಸುತ್ತಿ ಸುತ್ತಿ ಏರುವ ರ‍್ಯಾಂಪು ಇತ್ತು. ಹಸುಗೂಸುಗಳನ್ನು ತೂಗುವ ಯಂತ್ರ ಪರೀಕ್ಷಿಸಲು ಒಮ್ಮೆ ಉಗ್ರಾಣಕ್ಕೆ ಹೋಗಿದ್ದಾಗ ಅವರು ಅದನ್ನು ಕಂಡಿದ್ದರು.

ಮರುದಿನವೇ "ವಾಕಿಂಗ್ ಹೋಗಿಬರ್ತೀನಿ" ಎಂದು ಹೆಂಡತಿಗೆ ಹೇಳಿ, ಕೆಂಪು ಚಡ್ಡಿ ಹಾಕಿಕೊಂಡು, ಬೆನ್ನಿಗೊಂದು ಚೀಲ ಏರಿಸಿ ಹೊರಟರು. ಚೀಲದಲ್ಲಿ ಕಚೇರಿ ತಿರಸ್ಕರಿಸಿ ಮೂಲೆಗೆ ಹಾಕಿದ್ದ ಹಿತ್ತಾಳೆಯ ತೂಕದ ಬಟ್ಟುಗಳು. ಭಾರ ಹೊತ್ತು ಏರಿದರೆ ಕಾಲು ಗಟ್ಟಿಯಾಗುತ್ತದೆಂದು ಎಲ್ಲೋ ಓದಿದ್ದರು.

ರ‍್ಯಾಂಪಿನ ಬುಡದಲ್ಲಿ ಸ್ಟೂಲಿನ ಮೇಲೆ ಕೂತ ಕಾವಲುಗಾರ, ಬೆವರು ಸುರಿಸುತ್ತ, ಕಣ್ಣು ಮೇಲೆ ಮಾಡಿಕೊಂಡು, ಠಣಠಣ ಸದ್ದು ಮಾಡುತ್ತ ಏರುವ ಇಳಿಯುವ ಈ ಪ್ರಾಣಿಯನ್ನು ಎರಡು ಸುತ್ತು ನೋಡಿದ. ಮೂರನೆಯ ಸುತ್ತಿಗೆ ಅವನ ಮನಸ್ಸು ಕರಗಿತು.

"ಸಾರ್, ಕೂತ್ಕೊಳ್ಳಿ ಸಾರ್. ಇಷ್ಟು ಒದ್ದಾಡಬೇಡಿ. ಎಷ್ಟನೇದು?"

ಸಾಹೇಬರಿಗೆ ಉಸಿರೇ ಇರಲಿಲ್ಲ. ಷಡ್ಡಕನ ಮುಂದೆ ಹೇಳಿ ನಾಲಿಗೆಗೆ ಅಂಟಿದ್ದ ಮಾತೊಂದೇ ಹೊರಬಿತ್ತು. "ಎ... ರ... ಡನೇದು."

"ಅಯ್ಯೋ, ಎರಡಕ್ಕೇ ಹಿಂಗಾ? ನನ್ನವು ಐದಾಗಿವೆ ಸಾರ್. ಐದನೇದು ಆಗೋವಾಗ ನಾನು ಹೊರಗೆ ಕೂತು ಕಡಲೆಕಾಯಿ ತಿಂತಿದ್ದೆ."

ಸಾಹೇಬರು ದಂಗಾಗಿ ನಿಂತರು. ಅಂಗಿಯ ಗುಂಡಿಗಳು ಪ್ರಾಣ ಬಿಗಿಹಿಡಿದುಕೊಂಡಿರುವ ಈ ಹೊಟ್ಟೆ ಐದು ಮ್ಯಾರಥಾನ್ ಓಡಿದೆಯೇ? ಅದೂ ಕಡಲೆಕಾಯಿ ತಿನ್ನುತ್ತ?

"ಏನಾದ್ರೂ ಹೇಳಿಕೊಡಿ ಗುರುಗಳೇ," ಎಂದರು ಕೈಮುಗಿದು.

"ನಾವು ಮಾಡೋದೇನಿದೆ ಸಾರ್! ಎಲ್ಲಾ ಅವಳೇ ಮಾಡ್ತಾಳೆ. ನಾವು ಸುಮ್ನೆ ಓಡಾಡೋದು ಅಷ್ಟೇ."

ಅವಳೆಂದರೆ ಪ್ರಕೃತಿಮಾತೆಯೇ ಇರಬೇಕೆಂದು ಸಾಹೇಬರು ತಲೆದೂಗಿದರು. ಎಂಥ ತತ್ತ್ವಜ್ಞಾನಿ! ಅಂದಿನಿಂದ ದಿನವೂ ಅವನಿಗೊಂದು ನಮಸ್ಕಾರ ಹಾಕಿಯೇ ರ‍್ಯಾಂಪು ಹತ್ತುತ್ತಿದ್ದರು. ಕಾವಲುಗಾರನೂ ಬಂದಬಂದವರಿಗೆಲ್ಲ ತೋರಿಸುತ್ತಿದ್ದ. "ನೋಡಿ, ಗಂಡ ಅಂದ್ರೆ ಹಿಂಗಿರಬೇಕು. ಮೂರು ವಾರ ಆಯ್ತು, ಒಂದು ದಿನ ತಪ್ಪಿಸಿಲ್ಲ." ಪಾಪ, ಅಲ್ಲಿ ಕೂತ ಎಷ್ಟು ಗಂಡಂದಿರು ಈ ಮಾತಿನ ದೆಸೆಯಿಂದ ಹೆಂಡತಿಯರ ಕೈಲಿ ಮೂದಲಿಕೆ ಉಂಡರೋ.

ಇಂಥ ಗಂಡನ ಕೀರ್ತಿ ಐದನೆಯ ಮಹಡಿಯ ಹೆಡ್ ನರ್ಸ್‌ಗೂ ಮುಟ್ಟಿತು. ಒಂದು ಬೆಳಿಗ್ಗೆ ಅವಳು ಒಂದು ಲೋಟ ನೀರು ಹಿಡಿದು ರ‍್ಯಾಂಪಿನ ತುದಿಯಲ್ಲೇ ಕಾದು ನಿಂತಳು.

"ಕುಡೀರಿ. ಉಸಿರನ್ನ ಮೂಗಿನಿಂದ ತಗೊಂಡು ಬಾಯಿಂದ ಬಿಡಿ. ಮೊದಲನೇದು ಎಷ್ಟು ಹೊತ್ತಾಯ್ತು?"

ಅಂತೂ ವಿಷಯ ತಿಳಿದವರೊಬ್ಬರು ಸಿಕ್ಕರು ಎಂದು ಸಾಹೇಬರಿಗೆ ಹಿಗ್ಗಾಯಿತು. "ಏಳು ಗಂಟೆ ಮೇಲಾಯ್ತು ಸಿಸ್ಟರ್. ಕೊನೇಲಿ ಪ್ರಾಣ ಹೋದ ಹಾಗಾಯ್ತು. ಇಬ್ಬರು ಹಿಡಿದು ಎಳೆದ್ರು, ಆಮೇಲೆ ಆಚೆ ಬಂತು ಜೀವ."

"ಪಾಪ! ಈಗ ಎರಡನೇದಕ್ಕೆ ತೂಕ ಹೇಗಿದೆ?"

"ತೂಕದ ವಿಷಯಕ್ಕೆ ಚಿಂತೆ ಇಲ್ಲ. ಇಲ್ಲೇ ಇದೆ ನೋಡಿ." ಸಾಹೇಬರು ಚೀಲ ಬಿಚ್ಚಿ ಹಿತ್ತಾಳೆಯ ಬಟ್ಟುಗಳನ್ನು ತೋರಿಸಿದರು.

ನರ್ಸ್ ಬಟ್ಟುಗಳನ್ನೂ ಅವರ ಮುಖವನ್ನೂ ನೋಡಿದಳು. ಚಿಂತೆಯಲ್ಲಿ ಗಂಡಸರಿಗೆ ಹೀಗೂ ಆಗುವುದುಂಟೆಂದು ಅವಳಿಗೆ ಅನುಭವದಿಂದ ಗೊತ್ತಿತ್ತು. ಸಮಾಧಾನದ ದನಿಯಲ್ಲಿ, "ಡೇಟ್ ಯಾವಾಗ ಕೊಟ್ಟಿದ್ದಾರೆ?" ಎಂದಳು.

"ಬರೋ ತಿಂಗಳ ಕೊನೇ ಭಾನುವಾರ. ಸೂರ್ಯ ಹುಟ್ಟೋ ಹೊತ್ತಿಗೆ ಶುರು."

"ದಿನ ಗೊತ್ತು ಮಾಡಿದ್ದಾರೆ ಅಂದ್ರೆ ಆಪರೇಷನ್. ಇರಲಿ, ಧೈರ್ಯವಾಗಿರಿ. ಮನೆಯಾಕೆ ಏನಂತಾರೆ?"

"ಅಯ್ಯೋ ಸಿಸ್ಟರ್, ಎಲ್ಲಾದ್ರೂ ಬಾಯಿ ಬಿಟ್ಟೀರಿ! ನನ್ನ ಹೆಂಡತಿಗೆ ಇದೊಂದೂ ಗೊತ್ತಿಲ್ಲ. ದಿನಾ ವಾಕಿಂಗ್ ಅಂತ ಹೇಳಿ ಬರ್ತಿದ್ದೀನಿ. ಎರಡನೇದು ಇದೆ ಅಂತ ಗೊತ್ತಾದ್ರೆ ಕಾಲು ಮುರೀತಾಳೆ."

ನರ್ಸ್ ನೀರಿನ ಲೋಟವನ್ನು ಸಾಹೇಬರ ಕೈಯಿಂದ ಕಿತ್ತುಕೊಂಡಳು. ಅದರಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನು ಅವರ ಮುಖಕ್ಕೆ ಎರಚದೆ ಪಕ್ಕದ ಹೂಕುಂಡಕ್ಕೆ ಸುರಿದದ್ದು ಅವಳ ವೃತ್ತಿಧರ್ಮ. ಈ ದಿಢೀರ್ ಕೋಪಕ್ಕೆ ಕಾರಣ ತಿಳಿಯದೆ, ಓಡುವಾಗ ನೀರು ಹೆಚ್ಚು ಕುಡಿಯಬಾರದೇನೋ ಎಂದುಕೊಂಡು ಸಾಹೇಬರು ಇಳಿದು ಹೋದರು.

ಇಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಹೆಡ್ ನರ್ಸ್ ಆಗಷ್ಟೇ ಕಾರು ಕಲಿಯಲು ಸೇರಿದ್ದಳು. ಊರಿನಲ್ಲಿ ಹೆಂಗಸರಿಗೆ ಕಾರು ಕಲಿಸುವ ಹೆಂಗಸು ಒಬ್ಬಳೇ ಇದ್ದಳು.

"ಕ್ಲಚ್ ಮೆಲ್ಲಗೆ ಬಿಡಿ. ಹಾ, ಈಗ ಹೇಳಿ, ಆಮೇಲೆ ಏನಾಯ್ತು?" ಎಂದಳು ಸಾಹೇಬರ ಹೆಂಡತಿ. ಕತೆ ಹೇಳುತ್ತ ಓಡಿಸಿದರೆ ನರ್ಸ್‌ಗೆ ಭಯವಾಗುತ್ತಿರಲಿಲ್ಲ.

"ಆಮೇಲೇನು ಮೇಡಂ, ನಾಚಿಕೆ ಇಲ್ದೆ ಹೇಳ್ತಾನೆ, ನನ್ನ ಹೆಂಡತಿಗೆ ಎರಡನೇದು ಇರೋದೇ ಗೊತ್ತಿಲ್ಲ ಅಂತ. ಅಂದ್ರೆ ಒಳಗಿರೋಳು ಹೆಂಡತಿ ಅಲ್ಲ!"

"ಥೂ! ಇಂಥವರನ್ನ ನಿಲ್ಲಿಸಿ ಹೊಡೀಬೇಕು. ಎಡಕ್ಕೆ ತಗೊಳ್ಳಿ. ಆ ಹೆಂಡತಿ ಎಂಥ ಪೆದ್ದಿ ಇರಬೇಕು! ಗಂಡ ದಿನಾ ಬೆಳಿಗ್ಗೆ ಎಲ್ಲಿಗೆ ಹೋಗ್ತಾನೆ ಅಂತ ನೋಡೋದು ಬೇಡ್ವಾ?"

"ವಾಕಿಂಗ್ ಅಂತ ಹೇಳ್ತಾನಂತೆ."

"ವಾಕಿಂಗ್ ಅಂದ್ರೆ ನಂಬಿಬಿಡೋದಾ? ನಮ್ಮ ಯಜಮಾನ್ರೂ ಹೋಗ್ತಾರೆ ವಾಕಿಂಗು, ಆದ್ರೆ ಅವರ ಮುಖ ನೋಡಿದ್ರೆ ಗೊತ್ತಾಗತ್ತೆ, ಅಷ್ಟೊಂದು ಬುದ್ಧಿ ಎಲ್ಲಿದೆ ಅವರಿಗೆ! ಕನ್ನಡಿ ನೋಡಿ, ಕನ್ನಡಿ."

"ನೋಡೋಕೆ ಪೆಚ್ಚುಮೋರೆ ಮೇಡಂ ಇವನೂ. ಕೆಂಪು ಚಡ್ಡಿ ಬೇರೆ. ಬೆನ್ನಿನ ಚೀಲದ ತುಂಬ ಅಂಗಡಿಯವರ ಹಿತ್ತಾಳೆ ಬಟ್ಟು ತುಂಬಿಕೊಂಡು..."

ಕಾರು ನಾಲ್ಕು ರಸ್ತೆ ಕೂಡುವಲ್ಲಿ, ನಟ್ಟನಡುವೆ, ಬೇರು ಬಿಟ್ಟಂತೆ ನಿಂತಿತು. ಹಿಂದೆ ಬರುತ್ತಿದ್ದ ವಾಹನಗಳೆಲ್ಲ ಒಂದೇ ಸ್ವರದಲ್ಲಿ ಕಿರುಚಿಕೊಂಡವು. ಟ್ರಾಫಿಕ್ ಪೊಲೀಸನೊಬ್ಬ ಸಿಟ್ಟಿನಿಂದ ಓಡಿ ಬಂದವನು, ಬ್ರೇಕಿನ ಮೇಲೆ ಕಾಲಿಟ್ಟ ಹೆಂಗಸಿನ ಮುಖ ನೋಡಿ, ಉಳಿದ ವಾಹನಗಳನ್ನೇ ಬೇರೆ ದಾರಿಗೆ ಕಳಿಸಿದ.

ಮನೆಗೆ ಬಂದವಳು ಗಂಡನನ್ನು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾರೆಂದು ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಒಂದು ಕ್ಷಣವೂ ತಡಮಾಡದೆ, ಊಟಕ್ಕೆ ಕೂತಿದ್ದ ತನ್ನ ಗಂಡನ ಮುಂದಿಂದ ತಟ್ಟೆ ಎಳೆದುಕೊಂಡಳು.

"ತಂಗಿ ಗಂಡನ ಎರಡನೇದರ ವಿಷಯ ನಿಮಗೆ ಗೊತ್ತಾ?"

ಟೈಲ್ಸ್ ವ್ಯಾಪಾರಿಯ ಕೈ ಗಾಳಿಯಲ್ಲೇ ನಿಂತಿತು. "ಯಾ... ಯಾರು ಹೇಳಿದ್ರು?"

"ಹಾಗಾದ್ರೆ ಗೊತ್ತು!"

"ನೋಡು, ನಾನು ಮಾತು ಕೊಟ್ಟಿದ್ದೀನಿ..."

"ಎಷ್ಟು ದಿನದಿಂದ ಗೊತ್ತು?"

"ಶುರುವಿನಿಂದ್ಲೇ ಗೊತ್ತು ಕಣೇ. ತಪ್ಪು ನಂದೇ. ಒಂದಕ್ಕೇ ನಿಲ್ಲಿಸಿದವನು ಗಂಡಸೇ ಅಲ್ಲ ಅಂತ ನಾನೇ ಕೆಣಕಿದೆ. ಇವನು ನೋಡಿದ್ರೆ, ಮೊದಲನೇದು ಇದರ ಮುಂದೆ ಏನೂ ಅಲ್ಲ ಅಂದ."

ಅಂದು ಟೈಲ್ಸ್ ವ್ಯಾಪಾರಿಗೆ ಊಟ ಸಿಗಲಿಲ್ಲ. ಅದರ ಮರುದಿನವೂ ಸರಿಯಾಗಿ ಸಿಗಲಿಲ್ಲವೆಂದು ಕೇಳಿಬಂದಿದೆ.

ಶನಿವಾರ ಸಂಜೆ ಸಾಹೇಬರು ಕಚೇರಿಯಿಂದ ಬಂದಾಗ ಮನೆಯಲ್ಲಿ ಸಭೆ ಸೇರಿತ್ತು. ಸೋಫಾದ ಮೇಲೆ ಅತ್ತೆ, ಪಕ್ಕದಲ್ಲಿ ಅವರ ಪೆಟ್ಟಿಗೆ. ಎಪ್ಪತ್ತು ದಾಟಿದ ಆ ತಾಯಿ ಮೂರು ಬಸ್ಸು ಬದಲಾಯಿಸಿ ಬಂದಿದ್ದರೂ ದಣಿವಿನ ಸುಳಿವಿರಲಿಲ್ಲ. ಕಿಟಕಿಯ ಬಳಿ ಹೆಂಡತಿ, ಅತ್ತ ಮುಖ ಮಾಡಿ. ನಡುವೆ ಊಟದ ಮೇಜಿನ ಹಿಂದೆ ಕೆಳಗಿನ ಮನೆಯ ಹಿರಿಯರು. ಅವರು ನ್ಯಾಯಾಲಯದ ನಿವೃತ್ತ ಬೆಂಚ್ ಕ್ಲಾರ್ಕ್. ಸೇವೆಯುದ್ದಕ್ಕೂ ನ್ಯಾಯಾಧೀಶರ ಕಾಲ ಬಳಿ ಕೂತು ಬೇರೆಯವರ ತೀರ್ಪು ಕೇಳಿಯೇ ಮುಪ್ಪಾದವರು. ಒಂದೇ ಒಂದು ತೀರ್ಪು ತಾವೂ ಕೊಡಬೇಕೆಂಬ ಆಸೆ ಅವರಲ್ಲಿ ಹಾಗೇ ಉಳಿದಿತ್ತು.

"ಕೂತ್ಕೊಳ್ಳಿ," ಎಂದರು ಬೆಂಚ್ ಕ್ಲಾರ್ಕ್. "ಎಲ್ಲಾ ಗೊತ್ತಾಗಿದೆ. ಮುಚ್ಚಿಡೋದರಲ್ಲಿ ಅರ್ಥ ಇಲ್ಲ. ಎರಡನೇದು ಇರೋದು ನಿಜವೋ ಸುಳ್ಳೋ?"

ಸಾಹೇಬರು ಕುರ್ಚಿಯ ತುದಿಯಲ್ಲಿ ಕೂತರು. ಷಡ್ಡಕ ಬಾಯಿ ಬಿಟ್ಟಿದ್ದಾನೆ! ಇನ್ನು ಒಪ್ಪಿಕೊಳ್ಳುವುದೊಂದೇ ದಾರಿ.

"ನಿಜ," ಎಂದರು ತಲೆ ತಗ್ಗಿಸಿ.

ಕಿಟಕಿಯ ಕಡೆಯಿಂದ ಒಂದು ಬಿಕ್ಕು ಕೇಳಿಸಿತು. ಅತ್ತೆ ಮುಂದಕ್ಕೆ ಬಾಗಿದರು.

"ಅಳಿಯಂದ್ರೇ, ನನ್ನ ಮಗಳಲ್ಲಿ ಏನು ಕೊರತೆ ಕಂಡ್ರಿ?"

"ಇವಳದ್ದೇನೂ ತಪ್ಪಿಲ್ಲ ಅತ್ತೆ. ಇವಳು ಬೇಡ ಅಂತಲೇ ಹೇಳಿದ್ಲು."

"ಬೇಡ ಅನ್ನದೆ ಆರತಿ ಎತ್ತುತ್ತಾಳಾ? ಮೊದಲನೇದು ಸಾಕಾಗಲಿಲ್ವಾ ನಿಮಗೆ?"

"ಮೊದಲನೇದು ತೀರಾ ಮಟ್ಟಸ ಅತ್ತೆ. ಅದರಲ್ಲಿ ಏನಿದೆ! ಎರಡನೇದರಲ್ಲಿ ಏರು ತಗ್ಗು ಇದೆ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬೆಂಚ್ ಕ್ಲಾರ್ಕ್ ಕೆಮ್ಮಿದರು, ಆದರೆ ಕಿವಿ ಮಾತ್ರ ಇನ್ನಷ್ಟು ಮುಂದೆ ಬಂತು.

"ಈ ವಯಸ್ಸಲ್ಲಿ ನಿಮಗಿದು ಬೇಕಿತ್ತಾ?"

"ನನಗಿಂತ ವಯಸ್ಸಾದವರೂ ಇದ್ದಾರೆ ಸಾರ್. ಕಳೆದ ವರ್ಷ ಎಂಬತ್ತರ ಮುದುಕರೊಬ್ಬರು ಮುಗಿಸಿದ್ರಂತೆ."

"ಎಂಬತ್ತರ..." ಬೆಂಚ್ ಕ್ಲಾರ್ಕ್‌ಗೆ ನೀರು ಬೇಕಾಯಿತು. "ಅಂದ್ರೆ, ನೀವೊಬ್ಬರೇ ಅಲ್ವಾ?"

"ಒಬ್ಬನೇ ಹೇಗಾಗತ್ತೆ? ನಾಲ್ಕು ಸಾವಿರ ಜನ ಹೆಸರು ಕೊಟ್ಟಿದ್ದಾರೆ."

ಅತ್ತೆ ಪೆಟ್ಟಿಗೆಯ ಹಿಡಿ ಹಿಡಿದುಕೊಂಡರು.

"ನಾಲ್ಕು ಸಾವಿರ ಗಂಡಸರಾ?"

"ಹೆಂಗಸರೂ ಸೇರಿ ಅತ್ತೆ. ಎಲ್ಲರೂ ಒಟ್ಟಿಗೆ ಶುರು ಮಾಡ್ತಾರೆ, ಶಕ್ತಿ ಇದ್ದವರು ಮುಗಿಸ್ತಾರೆ. ದಾರೀಲಿ ಬಾಳೆಹಣ್ಣು ಕೊಡ್ತಾರೆ."

ಆಗ ಕಿಟಕಿಯ ಬಳಿ ಇದ್ದವಳು ನಿಧಾನವಾಗಿ ಇತ್ತ ತಿರುಗಿದಳು. ಇಪ್ಪತ್ತು ವರ್ಷ ಕಲಿಯುವವರ ಪಕ್ಕ ಕೂತು, ಅವರು ಎಲ್ಲಿ ದಾರಿ ತಪ್ಪಿದರೆಂದು ಹಿಡಿಯುವ ಕಣ್ಣು ಅವಳದು.

"ರೀ. ಎರಡನೇದು ಅಂದ್ರೆ ಏನು?"

"ಮ್ಯಾರಥಾನು. ಮತ್ತೇನು?"

ಹೆಂಡತಿಯ ಮುಖದಲ್ಲಿ ನೆಮ್ಮದಿ ಮೂಡಿದ್ದು ನಿಜ. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ. "ಓಡಬೇಡಿ ಅಂದಿದ್ದೆ. ಕದ್ದು ಓಡಿದ್ರಿ! ಇನ್ನೊಬ್ಬಳಿದ್ದಿದ್ರೆ ಅವಳನ್ನ ಹಿಡಿದು ಜುಟ್ಟು ಕಿತ್ತು ಸಮಾಧಾನ ಮಾಡ್ಕೊಳ್ತಿದ್ದೆ. ಈಗ ಯಾರ ಜುಟ್ಟು ಕೀಳ್ಲಿ?" ಎಂದು ಸಾಹೇಬರ ತಲೆಯ ಕಡೆ ನೋಡಿದಳು. ಅಲ್ಲಿ ಕೀಳಲು ಹೆಚ್ಚೇನೂ ಇರಲಿಲ್ಲ.

ಬೆಂಚ್ ಕ್ಲಾರ್ಕ್ ಮೇಜು ತಟ್ಟಿದರು. ಕೈಗೆ ಬಂದ ಮೊಕದ್ದಮೆ ಇಷ್ಟು ಸುಲಭವಾಗಿ ಕರಗುವುದು ಅವರಿಗೆ ಇಷ್ಟವಿರಲಿಲ್ಲ. "ಆರೋಪಿ ಬಾಯಲ್ಲಿ ಹೇಳಿದ್ದು ಸಾಕ್ಷ್ಯ ಆಗಲ್ಲ. ಹೆರಿಗೆ ಆಸ್ಪತ್ರೇಲಿ ಮ್ಯಾರಥಾನಂತೆ! ನನಗೇ ನಂಬಿಕೆ ಬರ್ತಿಲ್ಲ, ಇನ್ನು ಜನ ನಂಬ್ತಾರಾ?"

ಜನ ನಂಬಲಿಲ್ಲ. ಸೋಮವಾರದ ಹೊತ್ತಿಗೆ ಅಂಗಡಿಬೀದಿಯೆಲ್ಲ ಈ ಮಾತೇ. ಹೆಂಡತಿಯ ಡ್ರೈವಿಂಗ್ ಶಾಲೆಗೆ ಬರುವವರು ಅವಳನ್ನು ಅನುಕಂಪದಿಂದ ನೋಡಿ ಹಾರ್ನ್ ಕೂಡ ಮೆಲ್ಲಗೆ ಹೊಡೆದರು. ಅವಳು "ಅದು ಮ್ಯಾರಥಾನು" ಎಂದಷ್ಟೂ ಅವರು "ಹೌದು ಮೇಡಂ, ಹಾಗೇ ಅಂದುಕೊಳ್ಳಿ, ಮನಸ್ಸಿಗೆ ಒಳ್ಳೇದು" ಎಂದರು. ಕಚೇರಿಯ ಮೇಲಧಿಕಾರಿ ಸಾಹೇಬರನ್ನು ಕರೆದು, "ಖಾಸಗಿ ವಿಷಯಕ್ಕೆ ನಾನು ತಲೆ ಹಾಕಲ್ಲ. ಆದರೆ ಎರಡೂ ಕಡೆ ತಕ್ಕಡಿ ಸಮ ತೂಗೋದು ಕಷ್ಟ ಕಣ್ರೀ," ಎಂದು ಬೆನ್ನು ತಟ್ಟಿ ಕಳಿಸಿದರು. ಅವರ ದನಿಯಲ್ಲಿ ತುಸು ಹೊಟ್ಟೆಕಿಚ್ಚೂ ಇತ್ತೆಂದು ಸಾಹೇಬರಿಗೆ ಅನ್ನಿಸಿತು.

ಕೊನೆಗೆ ಹೆಂಡತಿಯೇ ಆಜ್ಞೆ ಹೊರಡಿಸಿದಳು.

"ನೀವು ಓಡಬೇಕು. ಎಲ್ಲರ ಕಣ್ಣ ಮುಂದೆ ಓಡಿ ಮುಗಿಸಬೇಕು. ಅರ್ಧಕ್ಕೆ ನಿಂತ್ರೋ, ಮ್ಯಾರಥಾನ್ ಬರೀ ನೆಪ ಅಂತ ಆಗತ್ತೆ. ಆಮೇಲೆ ನಾನು ಈ ಊರಲ್ಲಿ ತಲೆ ಎತ್ತಿಕೊಂಡು ಕಾರು ಓಡಿಸೋ ಹಾಗಿಲ್ಲ."

ಸಾಹೇಬರು ಒಳಗೊಳಗೇ ಇದೇ ನೆಪದಲ್ಲಿ ಓಟ ತಪ್ಪಿತೆಂದು ಸಂತೋಷಪಟ್ಟಿದ್ದರು. ಆ ಸಂತೋಷಕ್ಕೆ ಅಲ್ಲಿಗೆ ಮಂಗಳವಾಯಿತು.

ಆ ಭಾನುವಾರ ಬೆಟ್ಟದ ಬುಡದಲ್ಲಿ ನಾಲ್ಕು ಸಾವಿರ ಜನರೊಂದಿಗೆ ತಕ್ಕಡಿ ಸಾಹೇಬರೂ ನಿಂತರು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಹೆಂಡತಿ, ಅತ್ತೆ, ಹೆಡ್ ನರ್ಸ್, ಸಾಕ್ಷ್ಯ ಪರಿಶೀಲನೆಗೆಂದು ಬೆಂಚ್ ಕ್ಲಾರ್ಕ್. ಕಾರನ್ನು ಮುಕ್ಕಾಲು ದಾರಿಯ ತಿರುವಿನವರೆಗೆ ಬಿಡುತ್ತಾರೆಂದು ತಿಳಿದು ಎಲ್ಲರೂ ಅಲ್ಲಿ ಹೋಗಿ ಕಾದರು.

ಓಟದ ವರ್ಣನೆ ಬೇಡ. ಸಾಹೇಬರು ಓಡಿದರು, ಆಮೇಲೆ ನಡೆದರು, ಆಮೇಲೆ ಮಾಡಿದ್ದಕ್ಕೆ ಕನ್ನಡದಲ್ಲಿ ಸರಿಯಾದ ಕ್ರಿಯಾಪದವಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಆ ತಿರುವಿಗೆ ಬಂದಾಗ ಹಳದಿ ಬಾವುಟ ಹಿಡಿದ ಅಧಿಕಾರಿ ಅಡ್ಡ ನಿಂತಿದ್ದ. ಅವನ ಹಿಂದೆ ಒಂದು ಬಸ್ಸು, ಬಾಗಿಲು ತೆರೆದಿತ್ತು, ಒಳಗೆ ಮೆತ್ತನೆಯ ಸೀಟುಗಳು ಕಾಣುತ್ತಿದ್ದವು.

"ಸಮಯ ಮುಗೀತು ಸಾರ್. ಬಸ್ ಹತ್ತಿ."

ಇಷ್ಟು ಮಧುರವಾದ ಮಾತನ್ನು ಸಾಹೇಬರು ಮದುವೆಯಾದಂದಿನಿಂದ ಕೇಳಿರಲಿಲ್ಲ. ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕತ್ತಿನ ಪಟ್ಟಿ ಹಿಡಿದು ಎಳೆದರು.

"ಇಳೀರಿ ಕೆಳಗೆ!" ಎಂದರು ಅತ್ತೆ.

"ಅಜ್ಜಿ, ನಿಯಮ ಇದೆ," ಎಂದ ಬಾವುಟದವನು.

"ನಿಮ್ಮ ನಿಯಮ ಇರಲಿ. ಇವರು ಮೇಲೆ ಹೋಗದಿದ್ರೆ ನನ್ನ ಮಗಳಿಗೆ ಸವತಿ ಇದ್ದಾಳೆ ಅಂತ ಊರು ಆಡಿಕೊಳ್ಳತ್ತೆ. ನೀವು ಬಂದು ಮನೆಮನೆಗೂ ಹೇಳ್ತೀರಾ, ಸವತಿ ಇಲ್ಲ ಅಂತ? ಹೇಳಿ, ಬರ್ತೀರಾ?"

ಬಾವುಟದವನಿಗೆ ಕೊಟ್ಟಿದ್ದ ತರಬೇತಿಯಲ್ಲಿ ಕಾಲು ಉಳುಕಿದರೆ, ತಲೆ ಸುತ್ತಿದರೆ ಏನು ಮಾಡಬೇಕೆಂದು ಹೇಳಿಕೊಟ್ಟಿದ್ದರು. ಸವತಿಯ ಬಗ್ಗೆ ಏನೂ ಹೇಳಿರಲಿಲ್ಲ. ಅವನು ಬಾವುಟ ಕೆಳಗಿಳಿಸಿದ.

"ಆದ್ರೆ ಒಬ್ಬರನ್ನೇ ಬಿಡೋ ಹಾಗಿಲ್ಲ ಅಜ್ಜಿ. ಬಿದ್ದರೆ ಯಾರು ಹೊಣೆ?"

"ನಾನಿದ್ದೀನಿ ನಡೀರಿ," ಎಂದು ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಬ್ಬರ್ ಚಪ್ಪಲಿಯಲ್ಲೇ ಮುಂದೆ ನಡೆದರು.

ಅಲ್ಲಿಂದ ಬೆಟ್ಟದ ತುದಿಯವರೆಗೆ ಸಾಹೇಬರು ಕೇಳಿದ್ದು ತಮ್ಮ ಮದುವೆಯಾದ ಮೇಲಿನ ಸಮಗ್ರ ಇತಿಹಾಸ. ಯಾವ ವರ್ಷ ಯಾರ ಮನೆಗೆ ಬರಿಗೈಯಲ್ಲಿ ಹೋದರು, ಮಾವನ ಕೊಡೆಯನ್ನು ಯಾವ ಬಸ್ಸಿನಲ್ಲಿ ಬಿಟ್ಟು ಬಂದರು, ಒಂದನ್ನೂ ಅತ್ತೆ ಮರೆತಿರಲಿಲ್ಲ. ಕೂರಲು ಹೋದರೆ ದನಿ ಏರುತ್ತಿತ್ತು, ನಡೆದರೆ ಇಳಿಯುತ್ತಿತ್ತು. ಹೀಗಾಗಿ ಸಾಹೇಬರು ನಡೆದರು. ಕೊನೆಯ ಏರಿನಲ್ಲಿ ಅತ್ತೆ ಬಗ್ಗಿ, ಅಳಿಯನ ಬಿಚ್ಚಿಹೋಗಿದ್ದ ಬೂಟಿನ ದಾರ ಕಟ್ಟಿದರು. "ಬಿದ್ದುಗಿದ್ದೀರಿ," ಎಂದರು. ಅಷ್ಟು ವರ್ಷದಲ್ಲಿ ಅದೊಂದೇ ಮಾತಿಗೆ ಇತಿಹಾಸ ಅಂಟಿಕೊಂಡಿರಲಿಲ್ಲ. ಸಾಹೇಬರಿಗೆ ಕಣ್ಣು ತುಂಬಿ ಬಂತು. ಬೆವರೆಂದು ಒರೆಸಿಕೊಂಡರು.

ಮೇಲೆ ಉಳಿದಿದ್ದ ಜನ ದೂರದಿಂದಲೇ ಚಪ್ಪಲಿಯ ಅಜ್ಜಿಯನ್ನು ಕಂಡು ಎದ್ದು ನಿಂತರು. ಶಿಳ್ಳೆ, ಚಪ್ಪಾಳೆ. ಅತ್ತೆ ನಾಲ್ಕು ಹೆಜ್ಜೆ ಮುಂದಿದ್ದರು, ಮೊದಲು ಗೆರೆ ದಾಟಿದರು. ಪದಕ ಹಿಡಿದು ನಿಂತವನು ಅವರ ಕೊರಳಿಗೇ ಹಾಕಿದ. ಫೋಟೊ ತೆಗೆದರು. ಮರುದಿನ ಪತ್ರಿಕೆಯಲ್ಲಿ ಅತ್ತೆ ಅಷ್ಟಗಲ ನಗುತ್ತಿದ್ದರು. ಅವರ ಬಲಕ್ಕೆ ಒಂದು ಮೊಣಕೈ ಕಾಣುತ್ತಿತ್ತು. ಅದು ಸಾಹೇಬರದು.

ಬೆಂಚ್ ಕ್ಲಾರ್ಕ್ ಪತ್ರಿಕೆಯನ್ನು ಕನ್ನಡಕದ ಮೇಲಿಂದಲೂ ಕೆಳಗಿಂದಲೂ ನೋಡಿ, ಮೆಟ್ಟಿಲ ಬಳಿ ನಿಂತು, ಇಡೀ ಕಟ್ಟಡಕ್ಕೆ ಕೇಳುವಂತೆ ತಮ್ಮ ಜೀವನದ ಮೊದಲ ತೀರ್ಪು ಕೊಟ್ಟರು.

"ಆರೋಪಿ ನಿರ್ದೋಷಿ. ಇನ್ನೊಬ್ಬಳ ಸಲುವಾಗಿ ಯಾವ ಗಂಡಸೂ ಇಷ್ಟು ಕಷ್ಟಪಡಲ್ಲ."

ಊರು ಒಪ್ಪಿತು. ಡ್ರೈವಿಂಗ್ ಶಾಲೆಯಲ್ಲಿ ಹಾರ್ನ್‌ಗಳು ಮತ್ತೆ ಜೋರಾದವು. ಷಡ್ಡಕನಿಗೆ ಊಟ ಸಿಗತೊಡಗಿತು. ಆದರೆ ಅತ್ತೆ ಮಾತ್ರ ಊರಿಗೆ ಹೊರಡುವ ಲಕ್ಷಣ ಕಾಣಲಿಲ್ಲ. ಮೊದಲ ವಾರ "ಕಾಲು ನೋವು ಇಳೀಲಿ" ಎಂದರು. ಆದರೆ ಅವರಿಗೆ ಕಾಲು ನೋವಿದ್ದಂತೆ ಯಾರಿಗೂ ತೋರಲಿಲ್ಲ. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದವರು ಸಾಹೇಬರೊಬ್ಬರೇ. ಎರಡನೆಯ ವಾರ ಅಂಗಡಿಗೆ ಹೋಗಿ ಬಿಳಿ ಬೂಟು ಕೊಂಡುಬಂದರು.

ಮೂರನೆಯ ವಾರ ಒಂದು ಮುಂಜಾನೆ ಮಲಗುವ ಕೋಣೆಯ ಬಾಗಿಲು ದಡದಡ ಬಡಿಯಿತು.

"ಅಳಿಯಂದ್ರೇ, ಏಳಿ. ಹೊತ್ತಾಯ್ತು."

"ಎಲ್ಲಿಗೆ ಅತ್ತೆ?"

"ಎಲ್ಲಿಗೆ ಅಂದ್ರೆ? ಆ ಬಾವುಟದ ಹುಡುಗ ಫೋನ್ ಮಾಡಿದ್ದ. ಸಮುದ್ರದ ದಂಡೆ ಮೇಲೆ ಇನ್ನೊಂದು ಓಟ ಇದೆಯಂತೆ, ಮರಳಲ್ಲಿ. ನಮ್ಮಿಬ್ಬರ ಹೆಸರೂ ಬರೆಸಿದ್ದೀನಿ. ಇವತ್ತಿನಿಂದ್ಲೇ ಅಭ್ಯಾಸ."

ಸಾಹೇಬರು ಹೊದಿಕೆ ಮೂಗಿನವರೆಗೆ ಎಳೆದುಕೊಂಡರು. "ನನಗೆ ಮಂಡಿ ನೋವು ಅತ್ತೆ."

"ನಿಮ್ಮ ಮಾವನಿಗೂ ಮಂಡಿ ನೋವಿತ್ತು. ನಲವತ್ತು ವರ್ಷ ಅದೇ ಹೇಳಿದ್ರು. ಕೊನೆಗೆ ಹೋಗಿದ್ದು ಬೇರೇನೋ ಕಾಯಿಲೇಲಿ. ಬೂಟು ಹಾಕ್ಕೊಳ್ಳಿ."

ಸಾಹೇಬರು ಕಡೆಯ ಆಸರೆಯೆಂಬಂತೆ ಪಕ್ಕದಲ್ಲಿ ಮಲಗಿದ್ದ ಹೆಂಡತಿಯ ತೋಳು ಅಲುಗಿಸಿದರು. "ನೀನಾದ್ರೂ ಹೇಳೇ. ಓಡಬಾರದು ಅಂತ ನೀನೇ ಹೇಳಿದ್ದೆಯಲ್ಲ?"

ಅವಳು ಕಣ್ಣು ತೆರೆಯಲಿಲ್ಲ. ತುಟಿಯ ಒಂದು ಮೂಲೆ ಮಾತ್ರ ಅಲುಗಿತು.

"ಅಮ್ಮನ್ನ ಕಾಯಿಸಬೇಡಿ ರೀ," ಎಂದು ಮಗ್ಗುಲು ಬದಲಿಸಿ, ಸಾಹೇಬರ ಪಾಲಿನ ಹೊದಿಕೆಯನ್ನೂ ತನ್ನ ಮೇಲೆಳೆದುಕೊಂಡು, ಸುಖವಾಗಿ ನಿದ್ದೆಹೋದಳು.